ಮೀಟರಿಗೆ ಸಿಗದ್ದು

ಇಪ್ಪತ್ತೆರಡು ವರ್ಷ ಈ ಊರಿನ ಗೋಡೆ ಓದಿದವನು ನಾನು.
ಯಾರ ಮನೆಗೆ ಹೊಸ ಫ್ರಿಜ್ ಬಂತು,
ಯಾರು ಏಪ್ರಿಲ್ಲಿನಲ್ಲೂ ಫ್ಯಾನ್ ಹಾಕದೆ ಮಲಗುತ್ತಾರೆ,
ಯಾವ ಬಾಡಿಗೆ ಕೋಣೆ ಮೂರು ತಿಂಗಳಿಂದ ಖಾಲಿ,
ಬಾಯಿಬಿಟ್ಟು ಕೇಳಬೇಕಿಲ್ಲ,
ಗಾಜಿನ ಹಿಂದೆ ಅಂಕಿ ಹೇಳುತ್ತದೆ.

ಭಟ್ಟಿಸಾಲು ಮಾತ್ರ ನನ್ನ ಲೈನಲ್ಲ,
ಚಮನ್‌ಸಾಬರದ್ದು.
ಅವರ ಮಂಡಿಚಿಪ್ಪು ಸರಿದು
ಈ ತಿಂಗಳು ಅವರ ಮಷಿನ್ ನನ್ನ ಹೆಗಲಿಗೆ ಬಂತು.
"ಕರ್ಚೀಫ್ ಒಯ್ಯಿ ಹಾಲೇಶಿ, ಮಸಿ ಇರ್ತತಿ" ಅಂದರು.
ಅಷ್ಟೇ ಅಂದರು.

ಮೊದಲು ವಾಸನೆ.
ಹೊಟ್ಟಿನ ಹೊಗೆ, ಅದರೊಳಗೆಲ್ಲೋ ಬೆಂದ ಭತ್ತ,
ತಿಂಡಿ ತಿಂದು ಬಂದವನಿಗೂ ಹಸಿವಾಗುವಂಥದ್ದು.
ಆಮೇಲೆ ಸದ್ದು.
ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ,
ಆದರೆ ಕೆಳಗಿನಿಂದ ಮೇಲಕ್ಕೆ.

ಖಾಸಿಂಬಿ ಕಾದ ಮರಳಿಗೆ ಒಂದು ಬೊಗಸೆ ಅಕ್ಕಿ ಎಸೆದರು.
ಒಂದು, ಎರಡು,
ಮೂರು ಅನ್ನುವುದರೊಳಗೆ
ಬಾಣಲೆ ತುಂಬ ಬಿಳಿ.
ಜರಡಿ ಆಡಿತು. ಮರಳು ತಿರುಗಿ ಒಲೆಗೆ, ಮಂಡಕ್ಕಿ ಚಾಪೆಗೆ.

"ಏನ್ ಹಂಗ್ ನೋಡ್ತೀರಿ, ಯಾವತ್ತೂ ತಿಂದಿಲ್ಲೇನ್ರಿ?"

ತಿಂದಿಲ್ಲವೇ!
ತೊಟ್ಟಿಲ ಶಾಸ್ತ್ರಕ್ಕೆ ತಿಂದಿದ್ದೇನೆ, ಸೋತವರ ಎಲೆಕ್ಷನ್ನಿಗೆ ತಿಂದಿದ್ದೇನೆ,
ಸೆಕೆಂಡ್ ಶೋ ಬಿಟ್ಟಮೇಲೆ ಮೆಣಸಿನಕಾಯಿ ಕಚ್ಚಿಕೊಂಡು
ಮೂಗು ಸೋರಿಸುತ್ತ ತಿಂದಿದ್ದೇನೆ.
ಹೆಣ್ಣು ನೋಡಲು ಹೋದಾಗ
ಒಗ್ಗರಣೆಯ ಅರಿಶಿನ ಬಿಳಿ ಅಂಗಿಗೆ ಹತ್ತಿ
ದಾಕ್ಷಾಯಣಿ ಬಾಗಿಲ ಹಿಂದೆ ನಕ್ಕಳಲ್ಲ,
ಆ ನಗೆಗೇ ಮದುವೆಯಾದವನು ನಾನು.
ಆದರೆ ಮಂಡಕ್ಕಿ ಎಲ್ಲಿಂದ ಬರುತ್ತದೆ ಅಂದರೆ
ಕೋಮಲಕ್ಕನ ಅಂಗಡಿಯ ಚೀಲದಿಂದ ಅಂತಲೇ
ನಲವತ್ತೇಳು ವರ್ಷ ತಿಳಿದಿದ್ದೆ.

ಅವರ ಮಗ ದಾದಾಪೀರ್ ಬೆವರೊರೆಸುತ್ತ ವಂಶಾವಳಿ ಒಪ್ಪಿಸಿದ.
ಭತ್ತ ಭದ್ರಾ ನಾಲೆಯದು, ಕುಕ್ಕವಾಡದ ಕಡೆಯದು.
ಮರಳು ಹರಿಹರದ ಹೊಳೆಯದು,
"ನಮ್ಮಜ್ಜ ತಂದದ್ದೂ ಇನ್ನೊಂದೀಟು ಇದರಾಗೇ ಐತಿ."
ಉರಿಯುವುದು ಭತ್ತದ್ದೇ ಹೊಟ್ಟು,
"ತನ್ನ ಅಂಗಿ ತಾನೇ ಸುಟ್ಕಂಡು ಅರಳತತಿ ಸಾರ್."
ಉಪ್ಪೊಂದು ಹೊರಗಿನದು.
ಇರಲಿ. ಸಮುದ್ರವಿಲ್ಲದ ಊರು,
ಉಪ್ಪಾದರೂ ನೆಂಟನಾಗಿ ಬಂದುಹೋಗಲಿ.

ಮೋಡದ ದಿನ ಒಣಗಿಸಿದ ಅಕ್ಕಿ ದುಂಡಗಾಗುವುದಿಲ್ಲವಂತೆ,
ಮೂಗು ಚೂಪಾಗಿಯೇ ಉಳಿಯುತ್ತದಂತೆ.
ಚಾಪೆಯಿಂದ ಅಂಥದೊಂದನ್ನು ಹೆಕ್ಕಿ
ಖಾಸಿಂಬಿ ತೋರಿಸಿದರು,
ಓದಿನಲ್ಲಿ ಹಿಂದುಳಿದ ಮಗುವನ್ನು ಮೇಷ್ಟರು ತೋರಿಸಿದ ಹಾಗೆ,
ಸ್ವಲ್ಪ ಸಿಟ್ಟು, ಹೆಚ್ಚು ಅಕ್ಕರೆ.

ಆಮೇಲೆ ನನ್ನ ಅಂಗೈಗೆ ಒಂದು ಹಿಡಿ ಸುರಿದರು.
ಬಿಸಿ ಮಂಡಕ್ಕಿ.
ಸುಳ್ಳು ಹೇಳುವುದಿಲ್ಲ, ಬಿಸಿಯದನ್ನು ಅವತ್ತೇ ಮೊದಲು ತಿಂದದ್ದು.
ನಾಲಗೆಗೆ ಮುಟ್ಟಿತು ಅನ್ನುವಷ್ಟರಲ್ಲಿ ಇಲ್ಲ.
ಉಳಿದದ್ದು ಉಪ್ಪು, ಆಮೇಲೊಂದು ಶಾಖ,
ಗಂಟಲಿಗಿಂತ ಕೆಳಗೆ.

ಮೀಟರು ಚೀಲಗಳ ಹಿಂದಿತ್ತು.
ಕರ್ಚೀಫಿನಿಂದ ಮಸಿ ಒರೆಸಿದೆ.
ಹದಿನಾಲ್ಕು ಯೂನಿಟ್ಟು.
ಒಂದು ಬಲ್ಬು, ಒಂದು ಗೋಡೆ ಫ್ಯಾನು, ದಾದಾಪೀರನ ಫೋನು.
ಅಂಕಿಯ ಪ್ರಕಾರ ಈ ಮನೆಯಲ್ಲಿ
ಏನೂ ನಡೆಯುತ್ತಿಲ್ಲ.

ಬಿಲ್ಲು ಹರಿದುಕೊಟ್ಟೆ. ಕೈ ಯಾಕೋ ತಡವಾಯಿತು.
ಇಪ್ಪತ್ತೆರಡು ವರ್ಷದಲ್ಲಿ ಇನ್ನೂ ಎಷ್ಟು ಮನೆಯ ಒಲೆಗಳನ್ನು
ಸೊನ್ನೆ ಅಂತ ಬರೆದುಕೊಂಡು ದಾಟಿದೆನೋ.

ದುಡ್ಡು ಕೊಟ್ಟು ಒಂದು ಚೀಲ ತಂದೆ.
ಆಳೆತ್ತರದ ಚೀಲ, ಹಸುಗೂಸಿನ ತೂಕ.
ಟಿವಿಎಸ್ಸಿನ ಹಿಂದೆ ಕಟ್ಟಿದರೆ ಗಾಳಿಗೆ
ಗಾಡಿಯನ್ನೇ ಎಳೆಯುತ್ತಿತ್ತು.

ಅಶೋಕ ಟಾಕೀಸಿನ ಗೇಟು ಬಿದ್ದಿತ್ತು.
ಪಕ್ಕದ ಆಟೋದವನು ಚೀಲ ನೋಡಿದ,
ನನ್ನ ನೋಡಿದ,
ಏನೂ ಕೇಳದೆ ಅಂಗೈ ಚಾಚಿದ.
ಬಾಯಿ ಬಿಚ್ಚಿ ಸುರಿದೆ.
"ಈಗ್ಲೇ ಹುರಿದದ್ದು ಮಾರಾಯ" ಅಂದೆ,
ನಾನೇ ಹುರಿದವನ ಹಾಗೆ.
ಹಿಂದಿನ ಬೈಕಿನ ಹುಡುಗಿಯೂ ಕೈ ಚಾಚಿದಳು.
ಗೂಡ್ಸ್ ಗಾಡಿ, ಉದ್ದದ್ದು,
ಇನ್ನೂ ಬರುತ್ತಲೇ ಇತ್ತು.