ಇನ್ನೂ ಆರು

ರಾತ್ರಿ ಎರಡಕ್ಕೆ ಅಡುಗೆಮನೆ ಢಬ್ ಅಂತು.
ಟ್ಯೂಬ್‌ಲೈಟಿನಿಂದ ದಾಳಿಂಬೆ ರಸ ತೊಟ್ಟಿಕ್ಕುತ್ತಿತ್ತು,
ಗಾಜಿನ ಚೂರು ರಾಗಿ ಡಬ್ಬಿಯವರೆಗೆ.
ಉಳಿದ ಏಳು ಬಾಟಲಿ
ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು.

ಬೆಳಿಗ್ಗೆ ಪಾಲಯ್ಯ ಬಂದ,
ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ
ಗೋಲಿ ಸೋಡಾ ತುಂಬಿದವನು.
"ಒಳಗಿನ ಹುಳಿ ಉಂಡು ಏಳೋಕ್ಮುಂಚೆ
ಮತ್ತೆ ಸಕ್ರೆ ಬಡಿಸಿದ್ಯಲ್ಲ ತಾಯಿ!"
ಹೂಂ ಅನ್ನಲಿಲ್ಲ ನಾನು.
ಬಾಟಲಿಗೆ ಮೂರು ಚಮಚ.

ಗೋಣಿಚೀಲ ಸುತ್ತಿ ಫ್ರಿಜ್ಜಿಗಿಟ್ಟ.
ಸಂಜೆ ಒಂದನ್ನು ತೆಗೆದು, ಮುಚ್ಚಳ
ಕೂದಲೆಳೆಯಷ್ಟು ತಿರುಗಿಸಿ ಕಾದ.
ಸ್ಸ್... ಬಿಗಿದ. ಮತ್ತೆ ಸಡಿಲಿಸಿದ. ಮತ್ತೆ ಬಿಗಿದ,
ಮುಖವನ್ನು ಮಾತ್ರ ಕಿಟಕಿಯ ಕಡೆ ತಿರುಗಿಸಿಕೊಂಡೇ.
ಎಡಗಣ್ಣಿನ ಗಾಜು ಆಗ
ಬಿಸಿಲಿಗೆ ಹೊಳೆಯಿತು.

ಹೀಗೆ ಎಷ್ಟು ಸಲ ಅಂತ ಕೇಳಲು ಹೋಗಿ
ಸುಮ್ಮನಾದೆ.
ಇನ್ನೂ ಆರು ಬಾಟಲಿ.