ಲಿಫ್ಟಿನ ಲೆಕ್ಕ

ತ್ಬಿಲಿಸಿಯ ಅಂಚಿನಲ್ಲಿ, ಒಂಬತ್ತು ಮಾಳಿಗೆಯ ನಮ್ಮ ಕಟ್ಟಡದಲ್ಲಿ
ಲಿಫ್ಟು ನಿಂತು ಹದಿನಾಲ್ಕು ತಿಂಗಳು.
ನಾಣ್ಯ ಹಾಕಿದರೆ ಮೇಲೇರುತ್ತಿದ್ದ ಪೆಟ್ಟಿಗೆ;
ಯಾರೋ ಗುಂಡಿ ಹಾಕಿದರಂತೆ, ಅಂಗಿಯ ಗುಂಡಿ.
ಅಂದಿನಿಂದ ಮೂರು ಮತ್ತು ನಾಲ್ಕರ ನಡುವೆ
ಗಂಟಲಲ್ಲಿ ಸಿಕ್ಕ ತುತ್ತಿನಂತೆ ನಿಂತಿದೆ.

ನಗರಸಭೆ ಹೇಳಿತು: ಮುಕ್ಕಾಲು ನಮ್ಮದು, ಕಾಲು ನಿಮ್ಮದು,
ಎಲ್ಲ ಮನೆಯ ಸಹಿ ಬೇಕು, ಒಂದೂ ಬಿಡುವಂತಿಲ್ಲ.
ಮೂವತ್ತಾರು ಬಾಗಿಲು.
ಶಾಲೆಯಲ್ಲಿ ಗಣಿತ ಕಲಿಸಿದವಳೆಂದು
ಪುಸ್ತಕ ನನ್ನ ಕೈಗೆ ಬಂತು.

ಬಾಗಿಲು ತಟ್ಟುವುದೂ ಒಂದು ವಿದ್ಯೆ.
ಮೊದಲ ಸಲ ಹಣದ ಮಾತೆತ್ತಬಾರದು,
ಮಂಡಿನೋವಿನ ಮಾತೆತ್ತಬೇಕು.
ಏಳರ ಒತಾರ್ ಎರಡು ಪಾಲು ಕೊಟ್ಟ, ರಸೀದಿ ಕೇಳಲಿಲ್ಲ.
ಐದರ ಮಜ್ವಾಲಾ ಏನೂ ಕೊಡಲಿಲ್ಲ, ರಸೀದಿ ಕೇಳಿದಳು.
ನಾಲ್ಕರಲ್ಲಿ ಎದುರುಬದುರು ಅಣ್ಣತಮ್ಮಂದಿರು;
ಮಾತು ಬಿಟ್ಟು ಆರು ವರ್ಷ.
ಒಬ್ಬನ ಹೆಸರಿನ ಕೆಳಗೆ ಇನ್ನೊಬ್ಬ ಸಹಿ ಹಾಕ.
ಹಾಳೆ ಹರಿದು ಎರಡು ಮಾಡಿದೆ,
ಇಬ್ಬರೂ ಮೊದಲಿಗರಾದರು.

ಉಳಿದವನು ನೆಲಮಟ್ಟದ ಜೆಮಾಲ್, ಬೀಗ ರಿಪೇರಿಯವನು.
"ನನಗೇಕೆ ಲಿಫ್ಟು? ನೆಲದಿಂದ ನೆಲಕ್ಕೆ ಹತ್ತಲೇ?"
ನಾಲ್ಕು ಸಲ ಹೋದೆ.
ನಾಲ್ಕು ಸಲವೂ ಚಹಾ ಕೊಟ್ಟ, ಸಹಿ ಕೊಡಲಿಲ್ಲ.

ಐದನೆಯ ಸಲ, ಬೆಳಗ್ಗೆ ಎಂಟಕ್ಕೆ,
ಅವನ ಕಿಟಕಿಯಾಚೆ ಹಗ್ಗದ ತುದಿಗೆ ಒಂದು ಬುಟ್ಟಿ ಇಳಿಯಿತು.
ಒಂಬತ್ತರ ತ್ಸಿಯಾಲಾಳದು. ಸೊಂಟ ಮುರಿದವಳು,
ಲಿಫ್ಟು ನಿಂತ ಮೇಲೆ ಕೆಳಗಿಳಿದವಳಲ್ಲ.
ಜೆಮಾಲ್ ಎದ್ದ. ಟವೆಲಿನಲ್ಲಿ ಸುತ್ತಿಟ್ಟ ಬಿಸಿ ರೊಟ್ಟಿ,
ಮದ್ದಿನ ಪೊಟ್ಟಣ, ಒಂದು ದಾಳಿಂಬೆ.
ಹಗ್ಗವನ್ನು ಎರಡು ಸಲ ಜಗ್ಗಿದ.
ಮೇಲಿಂದ ಒಂದು ಜಗ್ಗು, ಉತ್ತರ.
ಬುಟ್ಟಿ ಮರೆಯಾಗುವವರೆಗೆ ಕತ್ತೆತ್ತಿ ನಿಂತ.
ಆಗ ನೋಡಿದೆ: ನುಣ್ಣಗೆ ಕ್ಷೌರ, ಇಸ್ತ್ರಿಯ ಅಂಗಿ,
ಎಂಟು ಗಂಟೆಗೇ.

ನನ್ನ ಪುಸ್ತಕದಲ್ಲಿ ಈ ಬಾಬಿಗೆ ಅಂಕಣವೇ ಇರಲಿಲ್ಲ.

ಪೆನ್ನನ್ನು ಮೇಜಿನ ಮೇಲಿಟ್ಟು ಇಷ್ಟೇ ಕೇಳಿದೆ:
"ಅಂಗಳದ ಹಿಪ್ಪುನೇರಳೆಯ ಕೆಳಗೆ
ಆಕೆ ಬಂದು ಕೂತು ಎಷ್ಟು ದಿನವಾಯಿತು, ಜೆಮಾಲ್?"
ಚಹಾ ಆರಿತು.
"ನಾನೂರ ಇಪ್ಪತ್ತೊಂದು," ಅಂದ,
ಪೆನ್ನಿಗೆ ಕೈ ಚಾಚಿದ.

ಲಿಫ್ಟು ಈಗ ಓಡುತ್ತಿದೆ, ತುಸು ಕೆಮ್ಮುತ್ತ.
ಆದರೂ ಎಂಟಕ್ಕೆ ಬುಟ್ಟಿ ಇಳಿಯುತ್ತದೆ.
ಏಕೆಂದು ಯಾರೂ ಕೇಳುವುದಿಲ್ಲ, ಮಜ್ವಾಲಾ ಕೂಡ.

ಈಗ ಚಾವಣಿ ಸೋರುತ್ತಿದೆ. ಹೊಸ ಪುಟ ತೆರೆದಿದ್ದೇನೆ.
ಮೊದಲ ಸಹಿ, ಆ ನೀರು ಎಂದೂ ಮುಟ್ಟದ ಮನೆಯದು.
ನಾಲ್ಕರವರಿಗೆ ಮಾತ್ರ
ಮತ್ತೆ ಎರಡು ಹಾಳೆ ಬೇಕು.