ಸಂಪರ್ಕಕ್ಕೆ ಸಿಗದವರು ಹದಿಮೂರು

ಬಡ್ತಿ ಸಮಿತಿಗೆ ಭಾನುವಾರದೊಳಗೆ ಬೇಕಂತೆ
ಡಾಕ್ಟರ್ ಮೌಜಾ ಅಲ್ ಮಕ್ಬಾಲಿಯವರ ಪ್ರಕಟಣೆಗಳ ಪಟ್ಟಿ.
ಹೊಸದು ಮೊದಲು, ಹಳೆಯದು ಕೊನೆಗೆ,
ಪತ್ರಿಕೆಯ ಹೆಸರು ಓರೆ ಅಕ್ಷರದಲ್ಲಿ,
ಸಂಪುಟ, ಸಂಚಿಕೆ, ಪುಟ.
ರೆಕಾರ್ಡು ಕೋಣೆಯಲ್ಲಿ ಎಸಿ ಕೆಮ್ಮುತ್ತಿದೆ.
ಹೊರಗೆ ಸೊಹಾರಿನ ಮಧ್ಯಾಹ್ನ
ಕಾರಿನ ಬಾಗಿಲ ಹಿಡಿಗಳನ್ನೆಲ್ಲ ಕಾವಲಿ ಮಾಡಿ ಕೂತಿದೆ.

ಇಪ್ಪತ್ತೆರಡು ವರ್ಷ, ನಲವತ್ತೊಂದು ಲೇಖನ.
ಒಂದಕ್ಕೂ ನನ್ನ ಹೆಸರಿಲ್ಲ, ಇರಬೇಕಾದ್ದೂ ಇಲ್ಲ.
ಬರೀ ಅಂಕಿ ತುಂಬಿದವನು ನಾನು.

ರಂಜಾನಿನ ಉಪವಾಸ ಮತ್ತು ಭ್ರೂಣದ ಚಲನೆ:
ಆ ವರ್ಷ ರೋಜಾ ಆಗಸ್ಟಿನಲ್ಲಿ ಬಂದಿತ್ತು.
ಹೊತ್ತು ಕಂತುವ ಮುಂಚೆ ಮೂವತ್ತು ಬಸುರಿಯರು
ಎಡಮಗ್ಗುಲಾಗಿ ಮಲಗಿ ಒದೆತ ಎಣಿಸುತ್ತಿದ್ದರು,
ಬೆರಳ ಗೆಣ್ಣಿನಲ್ಲಿ, ಜಪಮಣಿಯಲ್ಲಿ,
ಒಬ್ಬಳು ಖರ್ಜೂರದ ಬೀಜಗಳಲ್ಲಿ.
ಬಾಂಗು ಕೂಗಿ, ಗುಟುಕು ನೀರು ಇಳಿದದ್ದೇ
ಹೊಟ್ಟೆ ಹೊಟ್ಟೆಯೊಳಗೂ ಗಲಾಟೆ.
ವಾರ್ಡಿಗೆ ವಾರ್ಡೇ ನಕ್ಕಿತು.
ನಗುವಿಗೆ ನನ್ನ ಕೋಷ್ಟಕದಲ್ಲಿ ಕಾಲಂ ಇರಲಿಲ್ಲ.
‘ಗಮನಾರ್ಹ ಏರಿಕೆ’ ಎಂದಷ್ಟೇ ಅಚ್ಚಾಯಿತು.

ಹದಿನೇಳನೆಯದು ಎರಡೇ ಪುಟ, ಒಂದೇ ಪ್ರಕರಣ.
ಮೂವತ್ತನಾಲ್ಕು ವಯಸ್ಸು, ಐದನೆಯ ಬಸಿರು, ಹರಿದ ಗರ್ಭಕೋಶ.
ವಾದಿಯಲ್ಲಿ ನೆರೆ ಬಂದು ಪಿಕಪ್ಪು
ಇಡೀ ರಾತ್ರಿ ಆಚೆ ದಡದಲ್ಲಿ ನಿಂತದ್ದನ್ನು
‘ತಲುಪುವಲ್ಲಿ ವಿಳಂಬ’ ಎನ್ನುತ್ತಾರೆ.
ಆಕೆ ಉಳಿದಳು. ಆಕೆ ಮಾತ್ರ.
ಈಗಲೂ ಈದಿಗೊಮ್ಮೆ ಅವಳ ಗಂಡ ಬೆಟ್ಟದಿಂದಿಳಿದು
ಒಂದು ಬಾಟಲಿ ಜೇನು ಮೇಜಿನ ಮೇಲಿಟ್ಟು
ಮಾತಿಲ್ಲದೆ ಹೋಗುತ್ತಾನೆ.
ಈ ಲೇಖನವನ್ನು ಉದ್ಧರಿಸಿದವರು: ಸೊನ್ನೆ.
ಬಿಟ್ಟುಬಿಡಲೇ ಡಾಕ್ಟ್ರೇ, ಅಂದೆ.
‘ಮೊದಲಿಗೆ ಹಾಕು’ ಅಂದರು, ತಲೆ ಎತ್ತದೆ.
ಕ್ರಮ ತಪ್ಪುತ್ತದೆ, ಅಂದೆ.
ಸುಮಾರು ಹೊತ್ತು ಕನ್ನಡಕ ಒರೆಸಿದರು.
‘ಸರಿ, ಅಲ್ಲೇ ಇರಲಿ.’

ಕೊನೆಗೆ ಬಂತು ಎಲ್ಲಕ್ಕಿಂತ ಹಳೆಯದು:
ಹೊರನಾಡ ಕಾರ್ಮಿಕರ ಪತ್ನಿಯರಲ್ಲಿ ರಕ್ತಹೀನತೆ, ಶಿಶುವಿನ ತೂಕ.
ಒಟ್ಟು ನಾನೂರ ಹನ್ನೆರಡು ಮಂದಿ.
ಕೋಷ್ಟಕದ ಬುಡದಲ್ಲಿ ಇರುವೆಸಾಲಿನಂಥ ಅಕ್ಷರ, ಒಂದು ನಕ್ಷತ್ರ:
ಹದಿಮೂರು ಮಂದಿ ಸಂಪರ್ಕಕ್ಕೆ ಸಿಗಲಿಲ್ಲ.

ಸಿಗಲಿಲ್ಲವೇ!
ಅದರಲ್ಲೊಬ್ಬಳು ನನ್ನ ಎಮಿಲ್ಡಾ.
ರಕ್ತ ಎಂಟು ಪಾಯಿಂಟ್ ಒಂದು.
ಬಸಿರಿಗೆ ಒಂಬತ್ತು ತಿಂಗಳು, ವಿಸಿಟ್ ವೀಸಾಕ್ಕೆ ಮೂರು;
ಅದನ್ನು ನಿಲ್ಲಿಸಿಕೊಳ್ಳುವಷ್ಟು ಸಂಬಳ ನನಗಿರಲಿಲ್ಲ.
‘ಹಾರಬಹುದು’ ಎಂದು ಇದೇ ಡಾಕ್ಟರು ಚೀಟಿ ಬರೆದುಕೊಟ್ಟರು,
ಜೊತೆಗೆ ಕಬ್ಬಿಣದ ಮಾತ್ರೆ, ಆರು ಡಬ್ಬಿ.
ಮಸ್ಕತ್ತಿನ ವಿಮಾನ ಅವಳನ್ನು ಕೊಂಡೊಯ್ಯಿತು, ಫೈಲು ಇಲ್ಲೇ ಉಳಿಯಿತು.
ಶಿರ್ವದಿಂದ ಫೋನು ಬಂದದ್ದು ನಿಜ.
ಆದರೆ ನಿಯಮಕ್ಕೆ ಕಾಗದ ಬೇಕು, ದನಿ ಸಾಲದು.
ಕೆಲಸಕ್ಕೆ ಹೊಸಬ, ಬಾಯಿ ಬಿಡಲಿಲ್ಲ.
ಇನ್ನೂರ ಹತ್ತೊಂಬತ್ತನೆಯ ಸಾಲಿನಲ್ಲಿ
ನನ್ನ ಕೈಯಾರೆ ನಾನೇ ಒತ್ತಿದೆ ತೊಂಬತ್ತೊಂಬತ್ತು:
ಫಲಿತಾಂಶ ತಿಳಿದಿಲ್ಲ.

ಇವತ್ತು ಹೇಳಿಬಿಟ್ಟೆ,
ಅರೆ ಅರಬ್ಬಿ, ಅರೆ ಹಿಂದಿಯಲ್ಲಿ, ಪರದೆ ನೋಡುತ್ತಲೇ.
ಬಯ್ಯಲಿಲ್ಲ. ‘ತೂಕ ಎಷ್ಟು?’ ಅಂದರು.
ಎರಡು ಕಿಲೋ ನೂರು. ಹೆಣ್ಣು. ಕೂಡಲೇ ಅತ್ತಿತಂತೆ.
ಬೀರುವಿನಿಂದ ಹಳದಿ ಬಿದ್ದ ಪ್ರತಿ ತೆಗೆದು
ಅಂಚಿನಲ್ಲಿ ಪೆನ್ಸಿಲಿನಿಂದ ಕೂಡಿಸಿದರು, ಭಾಗಿಸಿದರು.
‘ಸರಾಸರಿ ಕದಲುವುದಿಲ್ಲ.’
ಆದರೂ ಹದಿಮೂರನ್ನು ಹೊಡೆದು
ಪಕ್ಕದಲ್ಲಿ ಹನ್ನೆರಡು ಎಂದು ಬರೆದರು.
ಜಗತ್ತಿನ ಬೇರೆಲ್ಲ ಪ್ರತಿಗಳಲ್ಲೂ ಅದು ಹದಿಮೂರೇ.

‘ಈಗ ಏನು ಮಾಡ್ತಾಳೆ?’
ಬಿಕಾಂ ಕೊನೇ ವರ್ಷ ಡಾಕ್ಟ್ರೇ. ಸೊಪ್ಪು ಅಂದರೆ ಮೂಗು ಮುರೀತಾಳೆ.
ಪೆನ್ಸಿಲು ಕೆಳಗಿಟ್ಟು ನನ್ನನ್ನೇ ನೋಡಿದರು:
‘ರಕ್ತ ಪರೀಕ್ಷೆ ಮಾಡಿಸು.
ಕಾಗದ ತಂದು ನನಗೆ ತೋರಿಸು.’